ಯಾರ ಮೇಜಿನ ಮೇಲೆ

ಜೂನ್ ೧೨

ಬಜೆಟ್ ರಾಣಿಯವರಿಗೆ,

ನೀನು ಹಾಸ್ಟೆಲ್ಲು ಸೇರಿದ ಸುದ್ದಿ ನಿನ್ನೆ ಫೋನಿನಲ್ಲೇ ಗೊತ್ತಾಯಿತು. ಆದರೂ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಉತ್ತರ ಕೊಟ್ಟು ಮುಗಿಸಿರುತ್ತೀ. ಪಕ್ಕದಲ್ಲಿ ಅಮ್ಮ ಬೇರೆ "ನಂಗೆ ಕೊಡೋ, ನನ್ ಸೊಸೆ ಹತ್ರ ನಾನು ಮಾತಾಡ್ಬೇಕು" ಅಂತ ಕೈ ಚಾಚಿಕೊಂಡು ನಿಂತಿರುತ್ತಾಳೆ. ಕಾಗದದಲ್ಲಾದರೆ ನನ್ನ ವಾಕ್ಯವನ್ನು ನಾನೇ ಮುಗಿಸಬಹುದು.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ನನಗೆ ಬೇಜಾರಿಲ್ಲ. ವಿಶ್ವವಿದ್ಯಾಲಯದವರು ನಮ್ಮ ನಗರಸಭೆಗೆ ಕೊಟ್ಟದ್ದು ಒಂದೇ ಸೀಟು. ಲೆಕ್ಕ ವಿಭಾಗದಿಂದ ಅರ್ಜಿ ಹಾಕಿದವರು ಗಂಡ ಹೆಂಡತಿ ನಾವಿಬ್ಬರೇ. ಸಂದರ್ಶನಕ್ಕೆ ಒಂದೇ ಬಸ್ಸಿನಲ್ಲಿ ಹೋದೆವು, ಒಂದೇ ಬೆಂಚಿನ ಮೇಲೆ ಕೂತೆವು, ನನ್ನ ಪೆನ್ನು ಕೈಕೊಟ್ಟಿತೆಂದು ನಿನ್ನ ಪೆನ್ನಿನಲ್ಲೇ ಸಹಿ ಮಾಡಿದೆ. ಅವರು ನಿನ್ನನ್ನು ಆರಿಸಿದರು. ಬಹಳ ಸಂತೋಷ. ಇಲಾಖಾ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಮೊದಲನೆಯವನಾಗಿ ಪಾಸಾದವನು ನಾನು, ನೀನು ಎರಡನೇ ಸಲಕ್ಕೆ. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ ಬಿಡು.

ಹೊಸ ಆದೇಶವನ್ನು ಇನ್ನೊಮ್ಮೆ ಓದಿದೆ. ಹಣಕಾಸು ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕೂರುವವರಿಗೆ ಇನ್ನು ಮುಂದೆ ವಿಶ್ವವಿದ್ಯಾಲಯದ ವೃತ್ತಿ ಪ್ರಮಾಣಪತ್ರ ಇರಲೇಬೇಕಂತೆ. ನಮ್ಮ ಸಾಹೇಬರು ಮಾರ್ಚಿನಲ್ಲಿ ನಿವೃತ್ತರಾಗುತ್ತಾರೆ. ಅಂದರೆ ಏಪ್ರಿಲ್‌ನಿಂದ ನನ್ನ ರಜೆ ಅರ್ಜಿಗೆ ಸಹಿ ಹಾಕುವವಳು ನೀನು. ಅದಕ್ಕೂ ಬೇಜಾರಿಲ್ಲ.

ಗುಬ್ಬಿ ಶಾಲೆಗೆ ಹೋದಳು. ಜಡೆ ನಾನೇ ಹಾಕಿದೆ. ಒಂದು ಮೇಲೆ, ಒಂದು ಕೆಳಗೆ ಆಗಿದೆ ಅಂತ ಅಮ್ಮನೂ ಮೊಮ್ಮಗಳೂ ಸೇರಿ ನಕ್ಕರು. ನಡುಮನೆಯ ಗೋಡೆಯಲ್ಲಿದ್ದ ನನ್ನ ಇಲಾಖಾ ಪರೀಕ್ಷೆಯ ಪ್ರಮಾಣಪತ್ರದ ಮೊಳೆಗೇ ಅಮ್ಮ ಕ್ಯಾಲೆಂಡರು ನೇತುಹಾಕಿದ್ದಾಳೆ. "ಸೊಸೆ ಯಾವತ್ತು ಬರ್ತಾಳೆ ಅಂತ ನೋಡ್ಬೇಕಲ್ಲೋ" ಅಂದಳು.

ಬೇಜಾರಿಲ್ಲದ,
ನಿನ್ನ ಗಂಡ


ಜೂನ್ ೨೫

ಆಕ್ಷೇಪಣೆ ಸಾಹೇಬರಿಗೆ,

ಒಂದೇ ಪತ್ರದಲ್ಲಿ ಅಷ್ಟು ಸಲ "ಬೇಜಾರಿಲ್ಲ" ಅಂತ ಬರೆದವರನ್ನು ನಾನು ಇದೇ ಮೊದಲು ನೋಡಿದ್ದು. ಯಾವುದಾದರೂ ಬಿಲ್ಲಿನಲ್ಲಿ ಒಂದೇ ಮಾತು ಹಾಗೆ ಮತ್ತೆ ಮತ್ತೆ ಬಂದಿದ್ದರೆ ನೀವು ಪಾಸು ಮಾಡುತ್ತಿದ್ದಿರಾ? ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸು ಎಸೆಯುತ್ತಿದ್ದಿರಿ.

ನನ್ನ ಕೋಣೆ ಸಣ್ಣದು. ಒಂದು ಮಂಚ, ಒಂದು ಮೇಜು, ಮುಚ್ಚಲು ಹೋದರೆ ಕಿರುಚುವ ಕಿಟಕಿ. ಕ್ಲಾಸಿನಲ್ಲಿ ಎಲ್ಲರೂ ಸರ್ಕಾರಿ ಲೆಕ್ಕದವರೇ. ಆಸ್ಪತ್ರೆಯವರು, ರಸ್ತೆಯವರು, ಖಜಾನೆಯವರು. ತಲೆ ನರೆತವರೆಲ್ಲ ಮಕ್ಕಳ ಹಾಗೆ ಹಿಂದಿನ ಬೆಂಚಿಗೆ ಜಗಳವಾಡುತ್ತೇವೆ. ನನ್ನ ಪಕ್ಕ ಕೂರುವವರನ್ನು "ಖಜಾನೆ" ಅಂತಲೇ ಕರೆಯುತ್ತೇವೆ. ಒಳ್ಳೇ ಮನುಷ್ಯ, ಎಲ್ಲರಿಗೂ ಚಹಾ ತಂದುಕೊಡುತ್ತಾರೆ.

ಪ್ರೊಫೆಸರ್ ಮೊದಲ ದಿನವೇ ಒಂದು ಮಾತು ಹೇಳಿದರು. "ಲೆಕ್ಕ ಬರೆಯೋದನ್ನ ನಿಮಗೆ ಕಲಿಸೋಕೆ ವಿಶ್ವವಿದ್ಯಾಲಯಕ್ಕೆ ಬರಲ್ಲ. ಅದು ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಆಫೀಸಿನಲ್ಲಿ ಯಾರೂ ಕೇಳದ ಪ್ರಶ್ನೆ ಕೇಳೋದಷ್ಟೇ ನಮ್ಮ ಕೆಲಸ: ಇದನ್ನ ಯಾಕೆ ಹೀಗೆ ಮಾಡ್ತೀರಿ?" ನನಗೆ ಯಾಕೋ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಆಫೀಸಿನಲ್ಲಿ ನನ್ನನ್ನು ಯಾರಾದರೂ "ಯಾಕೆ" ಅಂತ ಕೇಳಿದ್ದರೆ ಅದು "ಯಾಕೆ ತಡ" ಅಂತ ಮಾತ್ರ.

ಅತ್ತೆಯ ಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ. ಕ್ಯಾಲೆಂಡರಿಗೆ ಬೇರೆ ಮೊಳೆ ಹೊಡೆಯಿರಿ. ಹೊಡೆಯಲು ನಾನು ಬರಬೇಕೇ?

ನಿಮ್ಮವಳು


ಜುಲೈ ೧೯

ಬಜೆಟ್ ರಾಣಿಗೆ,

ನಿನ್ನ ಮೂರು ಪತ್ರ ಬಂದಿವೆ. ಮೂರರಲ್ಲೂ "ನಮ್ಮ ಪ್ರೊಫೆಸರ್ ಹೇಳ್ತಾರೆ" ಇದೆ. ಭಾನುವಾರದ ಫೋನಿನಲ್ಲೂ ಅದೇ. ಗುಬ್ಬಿ ಈಗ ಹಲ್ಲುಜ್ಜು ಅಂದರೆ "ಯಾಕೆ ಹೀಗೆ ಅಂತ ಪ್ರೊಫೆಸರ್ ಕೇಳ್ತಾರೆ" ಅನ್ನುತ್ತಾಳೆ. ನಮ್ಮ ಮನೆಗೆ ಒಂದು ಕಾಸು ಬಾಡಿಗೆ ಕೊಡದೆ ಆ ಮನುಷ್ಯ ಒಳಗೆ ಬಂದು ಕೂತಿದ್ದಾನೆ.

ನಾನೂ ಒಂದು ಯಾಕೆ ಕೇಳಲಾ? ಒಂದು ಬಿಲ್ಲನ್ನೂ ಕೈಯಲ್ಲಿ ಹಿಡಿಯದವರು ಬಿಲ್ಲು ಪಾಸು ಮಾಡುವವರಿಗೆ ಪ್ರಮಾಣಪತ್ರ ಕೊಡುವುದು ಯಾಕೆ? ನಮ್ಮ ಇಲಾಖೆಯ ಪರೀಕ್ಷೆ ಇರಲಿಲ್ಲವೇ? ಅದರಲ್ಲಿ ನಿಯಮ ಕೇಳುತ್ತಿದ್ದರು, ಗೊತ್ತಿದ್ದವನು ಬರೆಯುತ್ತಿದ್ದ, ಗೊತ್ತಿಲ್ಲದವನು ಮನೆಗೆ ಹೋಗುತ್ತಿದ್ದ. ಈಗ ವಿಶ್ವವಿದ್ಯಾಲಯ ಬಂತು, ಚರ್ಚೆ ಬಂತು, ಚಹಾ ಬಂತು.

ಚಹಾ ಅಂದಾಗ ನೆನಪಾಯಿತು. ಆ ಖಜಾನೆಗೆ ಸ್ವಂತ ಹೆಂಡತಿ ಇದ್ದಾಳೋ ಇಲ್ಲವೋ? ಸುಮ್ಮನೆ ಕೇಳಿದೆ.

ಹೊಟ್ಟೆಕಿಚ್ಚು ಅಂತ ನಗುತ್ತಿದ್ದೀ, ನನಗೆ ಗೊತ್ತು. ಹೌದು, ಹೊಟ್ಟೆಕಿಚ್ಚೇ. ಆದರೆ ಖಜಾನೆಯ ಮೇಲಲ್ಲ, ಪ್ರೊಫೆಸರ್ ಮೇಲೂ ಅಲ್ಲ. ಫೋನಿನಲ್ಲಿ ನಿನ್ನ ದನಿ ಬದಲಾಗಿದೆ. ಏನೋ ಹೊಸದನ್ನು ಕಂಡುಕೊಂಡವರ ದನಿ. ನಾನು ಆ ದನಿಯಲ್ಲಿ ಕಡೆಯ ಸಲ ಮಾತಾಡಿದ್ದು ಯಾವಾಗ ಅಂತ ನೆನಪಿಗೆ ಬರುತ್ತಿಲ್ಲ. ಅದಕ್ಕೆ ಉರಿಯುತ್ತೆ.

ಮೊಳೆ ಹೊಡೆದಿದ್ದೇನೆ. ಅಮ್ಮ ಅದಕ್ಕೆ ಕೊಡೆ ನೇತುಹಾಕಿದಳು.

ನಿನ್ನ ಆಕ್ಷೇಪಣೆ


ಸೆಪ್ಟೆಂಬರ್ ೬

ಆಕ್ಷೇಪಣೆ ಸಾಹೇಬರಿಗೆ,

ಮುಂದಿನ ಸಲ ನನ್ನನ್ನು ಬಸ್ಸು ಹತ್ತಿಸಲು ಬಂದರೆ ಬಸ್ಸು ಹೊರಡುವವರೆಗಾದರೂ ನಿಲ್ಲಿ. ಕಿಟಕಿಯಿಂದ ಕೈ ಬೀಸಲು ತಿರುಗಿದರೆ ನಿಮ್ಮ ಬೆನ್ನು ಕಾಣಿಸಿತು.

ರಜೆಯಲ್ಲಿ ಬಂದಿದ್ದಾಗ ಊಟಕ್ಕೆ ಕೂತು ಜಗಳವಾಡಿದ್ದು ಸಾಕು. ಈಗ ಸಮಾಧಾನವಾಗಿ ಬರೆಯುತ್ತೇನೆ, ಸಮಾಧಾನವಾಗಿ ಓದಿ. ಪ್ರಾಜೆಕ್ಟು ಇಲ್ಲದೆ ಪ್ರಮಾಣಪತ್ರವಿಲ್ಲ. ಪ್ರತಿಯೊಬ್ಬರೂ ತಮ್ಮ ಆಫೀಸಿನಲ್ಲಿ ಒಂದು ಕೆಲಸದ ರೀತಿ ಬದಲಿಸಬೇಕು. ಆ ಯೋಚನೆ ಅವರದೇ ಆಗಿರಬೇಕು. ಅವರು ಅಲ್ಲಿ ಇಲ್ಲದಿದ್ದಾಗಲೂ ಅದು ನಡೆಯಬೇಕು. ಪ್ರೊಫೆಸರ್ (ಕ್ಷಮಿಸಿ, ಬರೆಯಲೇಬೇಕು) ಹೇಳದೆ ಕೇಳದೆ ಒಂದು ದಿನ ಬಂದು ನೋಡುತ್ತಾರೆ. ಮಾಡಿದವರು ಪಕ್ಕದಲ್ಲಿ ನಿಂತಾಗ ಮಾತ್ರ ನಡೆಯುವುದು ವ್ಯವಸ್ಥೆಯಲ್ಲ ಅನ್ನುತ್ತಾರೆ ಅವರು.

ಅದಕ್ಕೇ ನಾನು ಆಫೀಸಿನ ವೆರಾಂಡದಲ್ಲಿ ಕಪ್ಪು ಹಲಗೆ ಹಾಕಿಸಿದ್ದು, ನಿಮ್ಮನ್ನು ಕೆಣಕಲು ಅಲ್ಲ. ನಾಲ್ಕೇ ಕಾಲಂ: ಬಿಲ್ಲಿನ ಸಂಖ್ಯೆ, ಯಾರದು, ಬಂದ ದಿನ, ಈಗ ಯಾವ ಹಂತ. ಗುತ್ತಿಗೆದಾರರು ಒಳಗೆ ಬಂದು ಕೈಕಟ್ಟಿ ನಿಲ್ಲಬೇಕಾಗಿಲ್ಲ, ಹೊರಗೇ ಓದಿಕೊಂಡು ಹೋಗಬಹುದು. ಅದನ್ನು ದಿನಾ ಬರೆಯಲು ಸಾಹೇಬರು ನಿಮಗೇ ಹೇಳಿದ್ದು ನನ್ನ ಕಿತಾಪತಿಯಲ್ಲ. "ನಿಮ್ಮ ಮನೆಯವರದೇ ಅಲ್ವೇನ್ರೀ, ನೀವೇ ಬರೀರಿ" ಅಂದದ್ದು ಅವರು.

ನನ್ನ ಇಡೀ ವರ್ಷ ನಿಮ್ಮ ಕೈಯ ಸೀಮೆಸುಣ್ಣದಲ್ಲಿದೆ ಕಣ್ರೀ. ಇದಕ್ಕಿಂತ ಹೆಚ್ಚು ಬೇಡಿಕೊಳ್ಳಲು ನನಗೆ ಬರುವುದಿಲ್ಲ.

ನಿಮ್ಮವಳು


ಅಕ್ಟೋಬರ್ ೧೧

ರಾಣಿಯವರಿಗೆ,

ಹಲಗೆ ಬರೆಯುತ್ತಿದ್ದೇನೆ. ದಿನಾ ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ. ಅಕ್ಷರ ಚೆನ್ನಾಗಿದೆ ಅಂತ ಜನ ಹೊಗಳುತ್ತಾರೆ. ಇಷ್ಟು ವರ್ಷ ನೌಕರಿ ಮಾಡಿ ಕೊನೆಗೆ ಅಕ್ಷರಕ್ಕೆ ಹೆಸರು ಬಂತು.

ನನ್ನ ಮೇಜಿಗೆ ಈಗ ಯಾರೂ ಬರುವುದಿಲ್ಲ. ಮೊದಲು ಹೇಗಿತ್ತು, ನೀನೇ ನೋಡಿದ್ದೀ. ನಾನು ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಎದುರಿಗೆ ನಾಲ್ಕು ಜನ. "ಸಾರ್, ನಮ್ದು ಎಲ್ಲಿಗೆ ಬಂತು ಸಾರ್?" ನಾನು ಹುಡುಕುತ್ತಿದ್ದೆ, ಬೈಯುತ್ತಿದ್ದೆ, ಸಹಿ ಎಲ್ಲಿ ಬಿಟ್ಟಿದ್ದಾರೆ ತೋರಿಸುತ್ತಿದ್ದೆ, ಅವರ ಮಗಳ ಮದುವೆ, ಅವರ ಸಕ್ಕರೆ ಕಾಯಿಲೆ ಎಲ್ಲಾ ಕೇಳುತ್ತಿದ್ದೆ. ಒಂದು ಪೈಸೆ ಮುಟ್ಟಿದವನಲ್ಲ ನಾನು, ಅದು ಎಲ್ಲರಿಗೂ ಗೊತ್ತು. ಆದರೆ ಆ ಮಾತು ನನಗೆ ಬೇಕಿತ್ತು.

ಈಗ ನಮ್ಮ ಪೈಪು ಗುತ್ತಿಗೆದಾರ, ಯಾವಾಗಲೂ ನನ್ನ ಮೇಜಿಗೆ ಅಂಟಿಕೊಂಡೇ ಇರುತ್ತಿದ್ದ ಮನುಷ್ಯ, ವೆರಾಂಡದಲ್ಲೇ ನಿಂತು ಹಲಗೆ ಓದಿ, ಕಿಟಕಿಯಿಂದ ನನಗೊಂದು ಕೈ ಎತ್ತಿ ಹೊರಟುಹೋಗುತ್ತಾನೆ. ಒಳಗೆ ಕೂತು ನೊಣ ಹೊಡೆಯುತ್ತಿದ್ದೇನೆ. ಮರದ ಹಲಗೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಈ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಮ್ಮ ನೆರೆಮನೆಯವರಿಗೆಲ್ಲ "ನನ್ ಸೊಸೆ ದೊಡ್ಡ ಓದು ಓದ್ತಿದಾಳೆ" ಅಂತ ಸಾರುತ್ತಿದ್ದಾಳೆ. "ಮಗ ಏನ್ ಮಾಡ್ತಿದಾನೆ?" ಅಂತ ಒಬ್ಬರು ಕೇಳಿದರು. "ಅವನು ಬೋರ್ಡ್ ಬರೀತಾನೆ" ಅಂದಳಂತೆ.

ಬೋರ್ಡ್ ಬರೆಯುವವನು


ನವೆಂಬರ್ ೩

ನಮ್ಮವರಿಗೆ,

ನಿಮ್ಮ ಪತ್ರ ಓದಿ ನಕ್ಕೆ, ಆಮೇಲೆ ನಗು ನಿಂತಿತು. ಉರಿ ನಿಮಗೊಬ್ಬರಿಗೇ ಅಂದುಕೊಂಡಿದ್ದೀರಾ? ಭಾನುವಾರ ಗುಬ್ಬಿ ಫೋನಿನಲ್ಲಿ ಏನಂದಳು ಗೊತ್ತೇ? "ಅಮ್ಮಾ, ಅಪ್ಪ ಈಗ ನಿನಗಿಂತ ಚೆನ್ನಾಗಿ ಜಡೆ ಹಾಕ್ತಾರೆ." ಫೋನಿಟ್ಟು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನು ಆಯವ್ಯಯ ಸಿದ್ಧಾಂತ ಓದುತ್ತಾ ಕೂತಿರುವಾಗ ನನ್ನ ಮಗಳ ಕೂದಲು ನಿಮ್ಮ ಕೈಗೆ ಹೊಂದಿಕೊಂಡಿದೆ.

ಖಜಾನೆಗೆ ಹೆಂಡತಿ ಇದ್ದಾರೆ. ಅವರ ಫೋಟೋ ಎಲ್ಲರಿಗೂ ತೋರಿಸುತ್ತಾರೆ. ಕೇಳಿದಿರಲ್ಲ, ಅದಕ್ಕೆ ಹೇಳಿದೆ.

ಎರಡು ವಾರದಿಂದ ನಿಮ್ಮ ಪತ್ರವಿಲ್ಲ. ಹಲಗೆಯ ಬಗ್ಗೆ ಕೇಳಿದರೆ ಫೋನಿನಲ್ಲಿ "ಇದೆ" ಅನ್ನುತ್ತೀರಿ. ನಿಮ್ಮ "ಇದೆ"ಯಲ್ಲಿ ಎಷ್ಟು ಬಗೆ ಉಂಟು ಅಂತ ನನಗೆ ಗೊತ್ತು. ಇದು ಯಾವುದು?

ನಿಮ್ಮವಳು


ನವೆಂಬರ್ ೧೪
(ಬರೆದದ್ದು. ಅಂಚೆಗೆ ಹಾಕಲಿಲ್ಲ.)

ನನ್ನವಳೇ,

ಕೇಳಿದೆಯಲ್ಲ, ಯಾವ "ಇದೆ" ಅಂತ. ಇದು ಹಾಳು ಮಾಡಿದವನ "ಇದೆ".

ನಿನ್ನ ನಾಲ್ಕು ಕಾಲಂ ಪಕ್ಕದಲ್ಲಿ ನಾನು ಐದನೆಯದು ಗೀಚಿದೆ. ತಲೆಬರಹ: "ಯಾರ ಮೇಜಿನ ಮೇಲೆ". ಉಪಕಾರಕ್ಕೆ ಅಲ್ಲ. ಬಿಲ್ಲು ಎಂಜಿನಿಯರ್ ಹತ್ತಿರ ಕೊಳೆಯುತ್ತಿದೆ, ಉಗ್ರಾಣದವರ ಹತ್ತಿರ ಕೊಳೆಯುತ್ತಿದೆ ಅಂತ ಊರಿಗೆಲ್ಲ ಕಾಣುವ ಹಾಗೆ ಬರೆದರೆ, ಅವರೆಲ್ಲ ಸೇರಿ ಸಾಹೇಬರ ಕೋಣೆಗೆ ನುಗ್ಗುತ್ತಾರೆ, ಹಲಗೆ ಇಳಿಸಿ ಅನ್ನುತ್ತಾರೆ. ಹಲಗೆ ಇಳಿಯುತ್ತದೆ. ನಿನ್ನ ಪ್ರೊಫೆಸರ್ ಬಂದು ಬರಿ ಗೋಡೆ ನೋಡಿಕೊಂಡು ಹೋಗುತ್ತಾನೆ. ಇಷ್ಟೇ ನನ್ನ ಯೋಚನೆ. ನಾನು ಒಂದು ಗೆರೆಯನ್ನೂ ಅಳಿಸಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಿಲ್ಲುಗಳು ಎಲ್ಲೆಲ್ಲಿವೆ ಅಂತ ಪತ್ತೆ ಮಾಡಿ ಸೀಮೆಸುಣ್ಣ ಹಿಡಿದು ನಿಂತೆ. ಮೊದಲನೆಯದು, ಲೆಕ್ಕಾಧಿಕಾರಿ. ಎರಡನೆಯದು, ಲೆಕ್ಕಾಧಿಕಾರಿ. ಮೂರನೆಯದು ಉಗ್ರಾಣ. ಮತ್ತೆ ಲೆಕ್ಕಾಧಿಕಾರಿ, ಮತ್ತೆ ಲೆಕ್ಕಾಧಿಕಾರಿ. ಬಿಲ್ಲು ನೋಡುವ ಲೆಕ್ಕಾಧಿಕಾರಿ ನಾನೇ ಅಲ್ಲವೇ. ಸಣ್ಣಪುಟ್ಟ ಆಕ್ಷೇಪಣೆ ಇದ್ದದ್ದನ್ನೆಲ್ಲ ನಾನು ಕೆಳಗಿನ ಡ್ರಾಯರಿಗೆ ಹಾಕುವುದು ನಿನಗೆ ಗೊತ್ತಲ್ಲ. ಮೊದಲಾದರೆ ಆ ಮನುಷ್ಯ ಬಂದು ಎದುರು ನಿಲ್ಲುತ್ತಿದ್ದ, ತೆಗೆದು ಸರಿಮಾಡಿ ಕಳಿಸುತ್ತಿದ್ದೆ. ಹಲಗೆ ಬಂದಮೇಲೆ ಯಾರೂ ಬರಲಿಲ್ಲ. ಬರಲಿ, ಬಂದು ಕೇಳಲಿ ಅಂತ ನಾನು ಬಿಗಿದುಕೊಂಡು ಕೂತೆ. ಬಿಲ್ಲುಗಳೂ ನನ್ನ ಜೊತೆ ಕೂತವು.

"ಪರಿಶೀಲನೆಯಲ್ಲಿದೆ" ಅಂತ ಬರೆಯಬಹುದಿತ್ತು. ಕೈ ಬರಲಿಲ್ಲ. ಇಲ್ಲದ್ದನ್ನು ಇದೆ ಅಂತ ಬರೆದು ಗೊತ್ತಿಲ್ಲ ನನಗೆ. ಪೂರ್ತಿ ಬರೆದೆ. ಹಿಂದೆ ಪೈಪು ಗುತ್ತಿಗೆದಾರ ನಿಂತು ಗಟ್ಟಿಯಾಗಿ ಓದುತ್ತಿದ್ದ: "ಸಾರ್, ಇದೂ ನೀವೇ. ಇದೂ ನೀವೇ. ಓಹೋ, ನಂದೂ ನೀವೇ!" ವೆರಾಂಡದಲ್ಲಿ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

ಆ ವಾರ ತಲೆ ಎತ್ತದೆ ಡ್ರಾಯರು ಖಾಲಿ ಮಾಡಿದೆ. ಈಗ ಆ ಕಾಲಮಿನಲ್ಲಿ ನಾನಿಲ್ಲ. ಎಂಜಿನಿಯರ್ ವಿಭಾಗದವರೂ ಬೆಳಿಗ್ಗೆ ನಾನು ಸುಣ್ಣ ಹಿಡಿಯುವ ಮೊದಲೇ ಓಡಿಬಂದು "ನಮ್ದು ಕಳಿಸಾಯ್ತು ಸಾರ್, ಬರೀಬೇಡಿ" ಅನ್ನುತ್ತಾರೆ. ನಿನ್ನ ಹಲಗೆ ಮೊದಲಿಗಿಂತ ಗಟ್ಟಿಯಾಗಿ ಕೂತಿದೆ. ಕೆಡಿಸಲಿಕ್ಕೂ ನನಗೆ ಬರಲಿಲ್ಲ ನೋಡು.

ಇದನ್ನು ನಿನಗೆ ಕಳಿಸಬೇಕು. ಕಳಿಸಿದರೆ ನೀನು ನನ್ನನ್ನು ಹೇಗೆ ನೋಡುತ್ತೀ ಅಂತ ಯೋಚಿಸಿದರೆ ಕೈ ಹಿಂದಕ್ಕೆ ಬರುತ್ತದೆ.


ಡಿಸೆಂಬರ್ ೫

ರಾಣಿಯವರಿಗೆ,

ನಿನ್ನ ಪ್ರೊಫೆಸರ್ ನಿನ್ನೆ ಬಂದಿದ್ದರು. ನಾನು ಸೂಟು ಬೂಟಿನ ಆಳನ್ನು ನಿರೀಕ್ಷೆ ಮಾಡಿದ್ದೆ. ಬಂದದ್ದು ಕೆಮ್ಮುವ ಒಬ್ಬ ಸಣ್ಣ ಮುದುಕರು. ಹೆಗಲಿಗೆ ನೀರಿನ ಬಾಟಲಿ, ಒಂದು ಕಾಲುಚೀಲ ಜಾರಿತ್ತು. ಹಲಗೆಯ ಮುಂದೆ ನಿಂತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಕುರ್ಚಿ ತರಿಸಿ ಕೂರಿಸಿದೆ. ಇಂಥವರ ಮೇಲೆ ಇಷ್ಟು ತಿಂಗಳು ಹಲ್ಲು ಕಡಿದೆನಲ್ಲ ಅಂತ ನನಗೇ ನಗು ಬಂತು.

ಚೆನ್ನಾಗಿದೆ ಅಂದರು. ನೀನು ಚಿಂತೆ ಮಾಡಬೇಡ, ಓದಿಕೋ.

ನಿನ್ನವನು


ಜನವರಿ ೧೭

ಚಿಂತೆ ಮಾಡಬೇಡ ಅಂದಿದ್ದಿರಿ. ಏನು ಮಾಡಿದ್ದೀರಿ ಅಂತ ಕೇಳಿ.

ನಿನ್ನೆ ನನ್ನ ಮೌಖಿಕ ಪರೀಕ್ಷೆ. ಪ್ರೊಫೆಸರ್, ಇಲಾಖೆಯಿಂದ ಬಂದ ಒಬ್ಬ ಮೇಡಂ, ಇನ್ನೊಬ್ಬರು. ಎಲ್ಲಾ ಸರಿಯಾಗಿ ನಡೆದಿತ್ತು. ಕೊನೆಯಲ್ಲಿ ಪ್ರೊಫೆಸರ್ ನಗುತ್ತಾ, "ಐದನೇ ಕಾಲಂ ನನಗೆ ಬಹಳ ಹಿಡಿಸ್ತಮ್ಮಾ. ಅದು ಹೇಗೆ ಹೊಳೀತು ಹೇಳಿ" ಅಂದರು.

"ನಂದು ನಾಲ್ಕೇ ಕಾಲಂ ಸಾರ್" ಅಂದೆ.

ಅವರು ತಮ್ಮ ಟಿಪ್ಪಣಿ ನೋಡಿಕೊಂಡರು. "ಯಾರ ಮೇಜಿನ ಮೇಲೆ ಅಂತ ಇದೆಯಲ್ಲ. ಯಾರು ಹಾಕಿದ್ದು ಅಂತ ನಾನೇ ಕೇಳಿದೆ. ನಿಮ್ಮ ಯಜಮಾನರು, ನನ್ನ ಹೆಂಡತಿಯದೇ ಸಾರ್, ಎಲ್ಲಾ ಅವಳದೇ ಅಂದ್ರು."

"ಹಾಗಂದಿದ್ರೆ ಅವರು ಸುಳ್ಳು ಹೇಳಿದಾರೆ ಸಾರ್" ಅಂತ ಬಾಯಿಂದ ಬಂದುಬಿಟ್ಟಿತು. ಇಲಾಖೆಯ ಮೇಡಂ ಪೆನ್ನು ಕೆಳಗಿಟ್ಟರು.

ನನ್ನ ಪ್ರಮಾಣಪತ್ರ ತಡೆಹಿಡಿದಿದ್ದಾರೆ. ಇಬ್ಬರೂ ಸೇರಿ ಮಾಡಿದ ಪ್ರಾಜೆಕ್ಟಾದರೆ ಮುಂದಿನ ವರ್ಷ ಹೊಸದಾಗಿ ಮಾಡಬೇಕಂತೆ. ಅಷ್ಟರಲ್ಲಿ ಸಾಹೇಬರು ನಿವೃತ್ತರಾಗಿ, ಆ ಕುರ್ಚಿಗೆ ಹೊರಗಿನವರು ಯಾರೋ ಬಂದಿರುತ್ತಾರೆ. ಆ ಕಾಲಂ ಯಾರು, ಯಾಕೆ ಹಾಕಿದರು ಅಂತ ನೀವು ಲಿಖಿತ ಹೇಳಿಕೆ ಕೊಡಬೇಕು. ಸಾಹೇಬರ ಮೂಲಕ, ಆಫೀಸಿನ ಮುದ್ರೆಯೊಂದಿಗೆ. ಸಮಿತಿ ಈ ತಿಂಗಳ ಕೊನೆಗೆ ಸೇರುತ್ತದೆ.

ನನಗೆ ದಾನ ಕೊಟ್ಟಿರಾ? ದೊಡ್ಡ ಮನಸ್ಸು ಮಾಡಿದೆ ಅಂತ ಬೀಗಿದಿರಾ? ಕೊಟ್ಟದ್ದನ್ನು ಒಂದು ಮಾತು ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ, ಇಷ್ಟು ದೂರ ಬರುತ್ತಿರಲಿಲ್ಲ. ಹೇಳಲಿಕ್ಕೆ ನಿಮಗೇನಾಗಿತ್ತು?

ಇನ್ನೊಂದು ಮಾತು, ಇದನ್ನು ನುಂಗಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ಆ ಕಾಲಂ ನನ್ನ ನಾಲ್ಕಕ್ಕಿಂತ ಚೆನ್ನಾಗಿದೆ. ನಾನು ತಿಂಗಳುಗಟ್ಟಲೆ ಪುಸ್ತಕ ಹಾಕಿಕೊಂಡು ಕೂತೆ, ನನಗೆ ಅದು ಹೊಳೆಯಲಿಲ್ಲ. ನಿಮಗೆ ಹೊಳೆಯಿತು. ಪರೀಕ್ಷೆ ಹಾಳಾದದ್ದಕ್ಕಿಂತ ಅದಕ್ಕೇ ಹೆಚ್ಚು ಉರಿಯುತ್ತಿದೆ.

ನಿಮ್ಮವಳೇ, ಇನ್ನೇನು ಮಾಡಲಿ


ಜನವರಿ ೨೩

ನನ್ನವಳೇ,

ಇದರ ಜೊತೆ ನವೆಂಬರಿನಲ್ಲಿ ಬರೆದು ಕಳಿಸದ ಪತ್ರ ಇಟ್ಟಿದ್ದೇನೆ. ಮೊದಲು ಅದನ್ನು ಓದು. ಓದಿ ಬೈಯಬೇಕಾದಷ್ಟು ಬೈದು ಆಮೇಲೆ ಇದನ್ನು ಓದು.

ದಾನ ಅಲ್ಲ ಕಣೇ. ನಿನ್ನ ಪ್ರೊಫೆಸರ್ "ಯಾರು ಹಾಕಿದ್ದು?" ಅಂತ ಕೇಳಿದಾಗ, ನಾನು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷಗಳಲ್ಲಿ ಒಬ್ಬರು ನನ್ನ ಕೆಲಸ ನೋಡಿ ಕಣ್ಣು ಅರಳಿಸಿದ್ದು ಅದೇ ಮೊದಲು. ಆದರೆ ಯಾಕೆ ಹಾಕಿದಿರಿ ಅಂತ ಕೇಳಿಬಿಟ್ಟರೆ? ಅದಕ್ಕೆ ಹೆದರಿ ನಿನ್ನ ತಲೆಗೆ ಕಟ್ಟಿದೆ. ನಿನಗೆ ಹೇಳದೆ ಇದ್ದದ್ದೂ ಅದೇ ಹೆದರಿಕೆಗೆ.

ಹೇಳಿಕೆ ಬರೆಯಲು ಮೂರು ದಿನ ಒದ್ದಾಡಿದೆ. ನನ್ನ ಕೊಡುಗೆ ಅಂತ ಬರೆದರೆ ಪ್ರಾಜೆಕ್ಟು ಇಬ್ಬರದಾಗುತ್ತದೆ, ನಿನ್ನ ವರ್ಷ ಹೋಯಿತು. ನಿನ್ನದೇ ಅಂತ ಬರೆದರೆ ನೀನು ಸುಳ್ಳಿಯಾಗುತ್ತೀ. ಉಳಿದದ್ದು ನಡೆದದ್ದೊಂದೇ. ಅದನ್ನೇ ಬರೆದೆ. ನಕಲು ಕೆಳಗಿದೆ.

ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. "ಇದನ್ನ ಕಳಿಸಲೇಬೇಕೇನ್ರೀ? ಏನಾದ್ರೂ ನಯವಾಗಿ ಬರೆಯೋಣ" ಅಂದರು. "ಬೇಡ ಸಾರ್, ಇದೇ ಇರಲಿ" ಅಂದೆ. ಟೈಪು ಮಾಡಿದವಳು ಓದಿದಳು, ಮುದ್ರೆ ಒತ್ತಿದವನು ಓದಿದ, ಊಟದ ಹೊತ್ತಿಗೆ ಇಡೀ ಆಫೀಸು ಓದಿತ್ತು. ಸಂಜೆ ಪೈಪು ಗುತ್ತಿಗೆದಾರ ನನ್ನ ಮೇಜಿಗೆ ಬಂದ. ಎಷ್ಟೋ ತಿಂಗಳ ಮೇಲೆ. ಏನೂ ಕೇಳಲಿಲ್ಲ, ಎದುರಿಗೆ ಕೂತು ತನ್ನ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿ ಎದ್ದುಹೋದ.

ನಿನ್ನವನು


(ನಕಲು)

ಜನವರಿ ೨೨

ಪರೀಕ್ಷಾ ಸಮಿತಿಯವರಿಗೆ, ಮೇಲಧಿಕಾರಿಗಳ ಮೂಲಕ

ಮಾನ್ಯರೇ,

ವಿಷಯ: ಬಿಲ್ಲು ಹಲಗೆಯ ಐದನೇ ಕಾಲಂ ಕುರಿತು ಹೇಳಿಕೆ.

ಸದರಿ ಕಾಲಂ ಹಾಕಿದವನು ನಾನು. ಅಭ್ಯರ್ಥಿಗೆ ಇದರ ಸುಳಿವೂ ಇರಲಿಲ್ಲ. ಅವರದು ಎಂದು ಪ್ರೊಫೆಸರ್ ಅವರಿಗೆ ನಾನು ಹೇಳಿದ್ದು ಸುಳ್ಳು.

ಉದ್ದೇಶ: ಸಿಬ್ಬಂದಿಯನ್ನು ಹಲಗೆಯ ವಿರುದ್ಧ ಎತ್ತಿಕಟ್ಟಿ ಅದನ್ನು ತೆಗೆಸುವುದು.

ಕಾರಣ: ಹೊಟ್ಟೆಕಿಚ್ಚು. ಅಭ್ಯರ್ಥಿ ನನ್ನ ಹೆಂಡತಿ. ಸೀಟಿಗೆ ನಾನೂ ಅರ್ಜಿ ಹಾಕಿದ್ದೆ.

ಪರಿಣಾಮ: ಹಲಗೆ ನಿಂತಿದೆ. ಎಲ್ಲಕ್ಕಿಂತ ಹೆಚ್ಚು ಬಾಕಿ ಕಂಡದ್ದು ನನ್ನ ಮೇಜಿನ ಮೇಲೆ.

ಆದ್ದರಿಂದ ಈ ಪ್ರಾಜೆಕ್ಟಿನಲ್ಲಿ ನನ್ನ ಪಾಲು ಇಲ್ಲ. ನಾನು ಮಾಡಿದ್ದು ಅದಕ್ಕೆ ಅಡ್ಡಿ ಮಾತ್ರ. ಹಾಗೆಂದೇ ದಾಖಲಿಸಿಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಧೇಯ,
ಲೆಕ್ಕಾಧಿಕಾರಿ, ಬಿಲ್ಲು ವಿಭಾಗ


ಫೆಬ್ರವರಿ ೨

ನಮ್ಮ ಆಕ್ಷೇಪಣೆ ಸಾಹೇಬರಿಗೆ,

ನವೆಂಬರಿನ ಪತ್ರ ಓದಿ ಎರಡು ದಿನ ನಿಮ್ಮ ಜೊತೆ ಮನಸ್ಸಿನಲ್ಲೂ ಮಾತು ಬಿಟ್ಟಿದ್ದೆ. ಫೋನು ಬಂದಾಗ ಎತ್ತಲಿಲ್ಲ, ಗೊತ್ತಾಗಿರಬೇಕು. ನನ್ನ ವರ್ಷವನ್ನೆಲ್ಲ ಒರೆಸಿ ಹಾಕಲು ಹೊರಟಿದ್ದಿರಿ. ಅದು ಸಣ್ಣ ತಪ್ಪಲ್ಲ. ಮನೆಗೆ ಬಂದಮೇಲೆ ಎದುರಿಗೆ ನಿಲ್ಲಿಸಿ ಬೈಯುತ್ತೇನೆ, ಈಗ ಸಾಲ ಇಟ್ಟುಕೊಂಡಿರಿ.

ಸಮಿತಿಯಲ್ಲಿ ನಿಮ್ಮ ಹೇಳಿಕೆಯನ್ನು ಇಲಾಖೆಯ ಮೇಡಂ ಓದಿದರಂತೆ. "ಕಾರಣ" ಬಂದ ಕಡೆ ನಿಂತು ನೀರು ಕುಡಿದರಂತೆ. ಸಮಿತಿಗೆ ತಾವು ಏನೆಂದರು ಅಂತ ಆಮೇಲೆ ಪ್ರೊಫೆಸರೇ ನನಗೆ ಹೇಳಿದರು: "ಅನುಭವಿ ಅಧಿಕಾರಿಯೊಬ್ಬರು ಒಳಗಿನಿಂದಲೇ ಕೆಡಿಸೋಕೆ ನೋಡಿದಾರೆ, ಆದ್ರೂ ನಿಂತಿದೆ. ಇದಕ್ಕಿಂತ ಕಠಿಣ ಪರೀಕ್ಷೆ ನಾವು ಇಡೋಕಾಗ್ತಿತ್ತೇನ್ರೀ?"

ಪಾಸಾದೆ ಕಣ್ರೀ. ಪಾಸಾದೆ.

ಹೊರಗೆ ಬಂದಾಗ ಖಜಾನೆ ಎಲ್ಲರಿಗೂ ಚಹಾ ಹಿಡಿದು ನಿಂತಿದ್ದರು. ನಿಮ್ಮ ಹೇಳಿಕೆಯ ಸುದ್ದಿ ಅವರಿಗೂ ಮುಟ್ಟಿತ್ತು. "ಇಂಥ ಹೇಳಿಕೆಗೆ ಸಹಿ ಹಾಕೋ ಧೈರ್ಯ ನನಗಿಲ್ಲ ಮೇಡಂ" ಅಂದರು. ನನಗೂ ಇಲ್ಲ. ಆ ಹೇಳಿಕೆಯ ಮೇಲೂ ನನಗೆ ಹೊಟ್ಟೆಕಿಚ್ಚೇ. ನಮ್ಮಿಬ್ಬರ ಸಂಸಾರ ಇದರಲ್ಲೇ ಬೇಯುವ ಹಾಗಿದೆ.

ಅತ್ತೆಗೆ ಹೇಳಿ, ಕ್ಯಾಲೆಂಡರು ನೋಡುವುದು ಇನ್ನು ಸ್ವಲ್ಪ ದಿನವೇ ಅಂತ.

ನಿಮ್ಮವಳು


ಮಾರ್ಚ್ ೩೧
(ಅಡುಗೆಮನೆಯ ಮೇಜಿನ ಮೇಲೆ, ಲೋಟದ ಕೆಳಗೆ ಇಟ್ಟದ್ದು)

ಹಣಕಾಸು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ನಾಳೆ ಅಧಿಕಾರ ವಹಿಸಿಕೊಳ್ಳುವ ದಿನ ನನಗೆ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ಕಾರಣ: ಸ್ವಂತ ಕೆಲಸ.

ಸ್ವಂತ ಕೆಲಸ ಏನೆಂದು ಕೇಳಿದರೆ, ಇದು: ಎಲ್ಲರೂ ಎದ್ದು ನಿಂತು ನಿಮಗೆ ಕೈಮುಗಿಯುವಾಗ ನಾನೂ ನಿಲ್ಲಬೇಕು. ನಿಲ್ಲುತ್ತೇನೆ. ಆದರೆ ನನ್ನ ಮುಖ ನನ್ನ ಮಾತು ಕೇಳುವುದಿಲ್ಲ. ಉರಿ ಹೋಯಿತು ಅಂತ ಬರೆದರೆ ಸುಳ್ಳು ಲೆಕ್ಕವಾಗುತ್ತದೆ. ಕಡಿಮೆಯಾಗಿದೆ, ಅಷ್ಟೇ. ಹೆಮ್ಮೆಯೂ ಇದೆ, ಅದರ ಪಕ್ಕದಲ್ಲೇ ಕೂತಿದೆ. ಅಷ್ಟು ಜನರ ಮುಂದೆ ಅವೆರಡರಲ್ಲಿ ಯಾವುದು ಮುಖಕ್ಕೆ ಬರುತ್ತದೋ ನನಗೆ ಗೊತ್ತಿಲ್ಲ. ನಿನ್ನ ದಿನ ನನ್ನಿಂದ ಕೆಡುವುದು ಬೇಡ.

ಹಲಗೆಯನ್ನು ನಾಳೆ ಒಂದು ದಿನ ಟೈಪಿಸ್ಟ್ ಬರೆಯುತ್ತಾಳೆ. ಹೇಳಿದ್ದೇನೆ.

ತಮ್ಮ ವಿಧೇಯ,
ಲೆಕ್ಕಾಧಿಕಾರಿ, ಬಿಲ್ಲು ವಿಭಾಗ


ಅದೇ ದಿನ
(ಅದೇ ಅರ್ಜಿಯ ಹಿಂಭಾಗದಲ್ಲಿ)

ರಜೆ ಮಂಜೂರಿಲ್ಲ.

ಯಾವ ಮುಖ ಬರುತ್ತದೋ ಅದನ್ನೇ ತನ್ನಿ. ನಿಮ್ಮ ಮುಖ ಕಾಣದೆ ಆ ಕುರ್ಚಿಯಲ್ಲಿ ಕೂರಲು ನನಗೂ ಆಗುವುದಿಲ್ಲ. ಬಸ್ಸು ಹೊರಡುವ ಮೊದಲೇ ಬೆನ್ನು ತಿರುಗಿಸಿ ಹೋದದ್ದು ಒಂದೇ ಸಲ ಸಾಕು.

ಹಲಗೆ ನೀವೇ ಬರೆಯಬೇಕು. ಈ ಅರ್ಜಿಯದೂ ಒಂದು ಸಾಲು ಅದರಲ್ಲಿ ಸೇರಿಸಿ. "ಯಾರ ಮೇಜಿನ ಮೇಲೆ" ಅನ್ನುವ ಕಡೆ ನನ್ನ ಹೆಸರು ಬರೆಯಿರಿ.

ಬೆಳಿಗ್ಗೆ ಒಟ್ಟಿಗೇ ಹೊರಡೋಣ. ಗುಬ್ಬಿಯ ಜಡೆ ನೀವು ಹಾಕಿ, ನನ್ನದು ಅವಳಿಗೆ ಹಿಡಿಸುತ್ತಿಲ್ಲ.